ಹೂಜಿ ಗಿಡಕ್ಕೆ ಬೂತಾಯಿ ಹಾಕಿದ್ದು

ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು. ಬರೆಯುವುದಕ್ಕಿಂತ ಹಂಚು ಹೊರುವುದು ನನಗೆ ಸುಲಭ. ಆದರೆ ಈ ಗಿಡದ ವಿಷಯವನ್ನು ಬಂದರಿನಲ್ಲಿ ಒಬ್ಬರು ಒಂದು ಥರ, ಬೋಳಾರದಲ್ಲಿ ಇನ್ನೊಬ್ಬರು ಇನ್ನೊಂದು ಥರ ಹೇಳುತ್ತಾರೆ. ಅದಕ್ಕೆ ಆದದ್ದನ್ನು ಆದ ಹಾಗೆ ಬರೆದಿಡುತ್ತೇನೆ. ನಮ್ಮ ಮಾತೆಲ್ಲ ನಡೆದದ್ದು ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಹಾಕಿದ್ದೇನೆ.

ಮಂಗಳೂರು ಮದರಾಸನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ನಾಲ್ಕೈದು ವರ್ಷ ಆಗಿತ್ತು. ನನಗೆ ಹತ್ತೊಂಬತ್ತು. ಬೋಳಾರದಲ್ಲಿ ಹೊಳೆಯ ಬದಿಗೆ ನಮ್ಮ ಮನೆ. ಅಪ್ಪ, ಅಣ್ಣಂದಿರು ಎಲ್ಲ ಸಮುದ್ರಕ್ಕೆ ಹೋಗುವವರು. ನನಗೆ ಮಾತ್ರ ದೋಣಿ ಹತ್ತಿದರೆ ವಾಂತಿ. ಮೀನು ಹಿಡಿಯುವವರ ಮನೆಯಲ್ಲಿ ಹುಟ್ಟಿ ದೋಣಿಯಲ್ಲಿ ವಾಂತಿ ಮಾಡುವವನನ್ನು ಯಾರೂ ಸುಮ್ಮನೆ ಬಿಡುವುದಿಲ್ಲ. ತಮಾಷೆ ಕೇಳಿ ಕೇಳಿ ಸಾಕಾಗಿ ಜೆಪ್ಪುವಿನ ಒಂದು ಹಂಚಿನ ಕಾರ್ಖಾನೆಗೆ ಸೇರಿದೆ. ಭಾನುವಾರ ರಜೆ. ಮಳೆಗಾಲದ ಮೊದಲು ಆ ರಜೆಯಲ್ಲಿ ಮನೆಮನೆಗೆ ಹೋಗಿ ಮಾಡಿನ ಹಂಚು ಕೈಯಾಡಿಸಿ ಕೊಡುತ್ತಿದ್ದೆ. ಒಡೆದದ್ದನ್ನು ತೆಗೆದು ಬೇರೆ ಇಡುವುದು, ಜಾರಿದ್ದನ್ನು ಸರಿ ಮಾಡುವುದು, ಅಷ್ಟೇ.

ಹಾಗೆ ಒಂದು ಎಪ್ರಿಲ್ ತಿಂಗಳಲ್ಲಿ ಬಂದರಿನ ಒಂದು ಬ್ಯಾರಿ ಮುಸಲ್ಮಾನರ ಮನೆಯ ಮಾಡು ಹತ್ತಿದೆ. ನನ್ನ ಅಮ್ಮ ಬುಟ್ಟಿ ಹೊತ್ತು ಹೋಗಿ ಮೀನು ಕೊಡುವ ಮನೆ ಅದು. ಯಜಮಾನರಿಗೆ ಮೆಣಸಿನ ವ್ಯಾಪಾರ. ಅವರ ತಾಯಿಯನ್ನು ನಾವೆಲ್ಲ ಉಮ್ಮ ಎಂದು ಕರೆಯುವುದು. ಅವರಿಗೆ ನಾನು ಮೋನೇ, ಅಂದರೆ ಮಗ. ಮೇಲಿಂದ ನೋಡಿದರೆ ಹಿತ್ತಿಲಲ್ಲಿ ಉಮ್ಮ ಒಂದು ಚಟ್ಟಿಯ ಮುಂದೆ ಕೂತು ಬಯ್ಯುತ್ತಿದ್ದರು. ಹತ್ತಿರ ಯಾರೂ ಇರಲಿಲ್ಲ. ಚಟ್ಟಿಯಲ್ಲಿದ್ದ ಗಿಡಕ್ಕೇ ಬಯ್ಯುತ್ತಿದ್ದರು.

"ಎಂತ ಉಮ್ಮ, ಅದು ನಿಮಗೆ ಎಂತ ಮಾಡಿತು?" ಎಂದೆ.

"ಎಂತ ಮಾಡ್ಲಿಲ್ಲ ಅಂತ ಕೇಳು ಮೋನೇ. ವರ್ಷ ಒಂದಾಯ್ತು. ಒಂದು ಚೆಂಬು ಬಿಡ್ಲಿಲ್ಲ ಈ ಮೈಗಳ್ಳ."

"ಗಿಡ ಚೆಂಬು ಬಿಡ್ತದಾ?"

ಅಡುಗೆಮನೆಯ ಬಾಗಿಲ ಹಿಂದಿನಿಂದ ಸೊಸೆಯ ಸ್ವರ ಬಂತು. "ಬರೀ ಚೆಂಬಲ್ಲ ಮಾರಾಯ. ಚೆಂಬಿಗೆ ಮುಚ್ಚಳವೂ ಉಂಟಂತೆ. ಒಳಗೆ ನೀರೂ ಉಂಟಂತೆ. ನೊಣ ಬಂದ್ರೆ ತಿನ್ತದಂತೆ. ಕೊಲಂಬಿನ ಗಿಡ ಅಲ್ವಾ, ನಾಳೆ ಊಟ ಆದ ಮೇಲೆ ವೀಳ್ಯದೆಲೆಯೂ ಕೇಳ್ತದೆ."

ಒಳಗೆ ಹೆಣ್ಣುಮಕ್ಕಳು ನಕ್ಕರು. ಉಮ್ಮ ನಗಲಿಲ್ಲ.

ನಾನು ಕೆಳಗೆ ಇಳಿದು ಬಂದ ಮೇಲೆ ಉಮ್ಮ ಎಲ್ಲ ಹೇಳಿದರು. ಅವರು ಹುಟ್ಟಿದ್ದು ಸಿಲೋನಿನ ಕೊಲಂಬಿನಲ್ಲಿ. ಅವರ ಅಪ್ಪನಿಗೆ ಅಲ್ಲಿ ಅಂಗಡಿ. ಹನ್ನೆರಡೋ ಹದಿಮೂರೋ ವರ್ಷದಲ್ಲಿ ಮದುವೆಯಾಗಿ ಹಡಗಿನಲ್ಲಿ ಇಲ್ಲಿಗೆ ಬಂದವರು ಮತ್ತೆ ಹೋದದ್ದು ಎರಡೇ ಸಲ. ಪಾಸ್‌ಪೋರ್ಟು, ಪರ್ಮಿಟ್ಟು ಅಂತ ಬಿಗಿ ಮಾಡಿದ ಮೇಲೆ ಅದೂ ನಿಂತಿತು. ಅಲ್ಲಿನ ಮನೆಯ ಹಿಂದೆ ಈ ಬಳ್ಳಿ ಬೇಲಿಯ ಮೇಲೆಲ್ಲ ಹಬ್ಬುತ್ತಿತ್ತಂತೆ. ಎಲೆಯ ತುದಿ ಉದ್ದ ನೂಲಿನ ಹಾಗೆ ಬೆಳೆದು, ಆ ನೂಲಿನ ತುದಿಯಲ್ಲಿ ಒಂದು ಹೂಜಿ ತೂಗುವುದು. ಅದಕ್ಕೆ ಮುಚ್ಚಳ. ಒಳಗೆ ನೀರು. ಒಳಗೆ ಬಿದ್ದ ನೊಣ, ಇರುವೆ ಮೇಲೆ ಬರುವುದಿಲ್ಲ, ಅಲ್ಲೇ ಕರಗಿ ಹೋಗುವುದು. ಅವರ ಅಣ್ಣ ಕಡೆಯ ಸಲ ಇಲ್ಲಿಗೆ ಬಂದಾಗ, ಹಂಚು ಒಯ್ದು ಹಿಂದೆ ಬರುವ ಮಂಜಿ ಹಡಗಿನಲ್ಲಿ, ಅದೇ ಬೇಲಿಯಿಂದ ಬೇರು ಸಮೇತ ಒಂದು ತುಂಡನ್ನು ಒದ್ದೆ ಗೋಣಿಯಲ್ಲಿ ಸುತ್ತಿ ತಂದಿದ್ದ. ಊರಿಗೆ ಹಿಂದೆ ಹೋಗಿ ಆರು ತಿಂಗಳಿಗೆ ತೀರಿಕೊಂಡ.

"ಈಗ ನಾನು ಹೇಳಿದ್ದು ಹೌದು ಅಂತ ಹೇಳ್ಲಿಕ್ಕೆ ಯಾರೂ ಇಲ್ಲ" ಎಂದರು ಉಮ್ಮ. "ಮಗನೂ ನಗಾಡ್ತಾನೆ. ಉಮ್ಮನಿಗೆ ಪ್ರಾಯ ಆಯ್ತು, ಕನಸು ಯಾವುದು, ಕಂಡದ್ದು ಯಾವುದು ಅಂತ ಗೊತ್ತಾಗುವುದಿಲ್ಲ ಅಂತಾನೆ. ಒಂದು ಚೆಂಬು ಬಿಟ್ರೆ ಸಾಕು ಮೋನೇ. ಎಲ್ಲರನ್ನೂ ಇಲ್ಲಿ ತಂದು ನಿಲ್ಲಿಸ್ತೇನೆ."

ಗಿಡ ನೋಡಿದೆ. ಒಂದು ಮೊಳ ಬಳ್ಳಿ, ಏಳೆಂಟು ಉದ್ದ ಎಲೆ. ಎಲೆಯ ತುದಿಯಲ್ಲಿ ನೂಲು ಉಂಟು ಹೌದು, ಆದರೆ ಎಲ್ಲ ಸುಟ್ಟ ಬತ್ತಿಯ ಹಾಗೆ ಒಣಗಿತ್ತು.

ನನಗೆ ಉಮ್ಮನ ಮಾತು ಸುಳ್ಳು ಅನಿಸಲಿಲ್ಲ. ಸಮುದ್ರದ ಬಂಡೆಯಲ್ಲಿ ಹೂವಿನ ಹಾಗೆ ಅರಳಿಕೊಂಡು, ಸಣ್ಣ ಮೀನು ಬಂದರೆ ಮುಚ್ಚಿಕೊಳ್ಳುವ ಜೀವ ನಾನು ನೋಡಿದ್ದೇನೆ. ನೀರಿನಲ್ಲಿ ಇದ್ದರೆ ನೆಲದಲ್ಲಿ ಯಾಕೆ ಇರಬಾರದು? ಆದರೆ ನನಗೆ ಬಾಯಿ ಜಾಸ್ತಿ.

"ಉಮ್ಮ, ಇದಕ್ಕೆ ಹಸಿವು. ನನ್ನ ಕೈಗೆ ಕೊಡಿ. ಮೂರು ತಿಂಗಳಲ್ಲಿ ಚೆಂಬು ಬಿಡಿಸಿ ತಂದು ಇಲ್ಲೇ ಇಡ್ತೇನೆ."

"ಹೌದಾ?" ಎಂದರು. ಅವರ ಮುಖ ನೋಡಿದ ಮೇಲೆ ಮಾತು ಹಿಂದೆ ತೆಗೆದುಕೊಳ್ಳಲು ಆಗಲಿಲ್ಲ. ಚಟ್ಟಿಯನ್ನು ಹೆಗಲಿಗೆ ಹಾಕಿಕೊಂಡು ಹೊರಟೆ.

ಆ ವರ್ಷ ಬೂತಾಯಿ ಮೀನು ರಾಶಿ ರಾಶಿ ಬಿದ್ದಿತ್ತು. ತಿಂದು, ಮಾರಿ, ಒಣಗಿಸಿ, ಮತ್ತೂ ಉಳಿದದ್ದನ್ನು ತೆಂಗಿನ ಬುಡಕ್ಕೆ ಹಾಕುವುದು ನಮ್ಮ ಕಡೆ ಇದ್ದದ್ದೇ. ಬೂತಾಯಿ ಬಿದ್ದ ಬುಡದ ತೆಂಗು ನೋಡಿದರೇ ಗೊತ್ತಾಗುತ್ತದೆ. ಬಸಳೆಗೂ ಅದೇ, ಬಾಳೆಗೂ ಅದೇ. ಇದಂತೂ ಮಾಂಸ ತಿನ್ನುವ ಗಿಡ. ನಾನು ಅಮ್ಮನನ್ನು ಕೇಳಿದೆ.

"ಮೀನು ಬೇಡ ಅಂತ ಹೇಳುವ ಗಿಡ ಉಂಟಾ ಮಗಾ?" ಎಂದರು ಅಮ್ಮ. "ಹಾಕು. ನಾಲ್ಕು ಜಾಸ್ತಿಯೇ ಹಾಕು. ಪಾಪ, ಬ್ಯಾರ್ದಿ ಅಮ್ಮನ ಗಿಡ."

ಬೇರಿನ ಅಡಿಗೆ ಆರು ಬೂತಾಯಿ ಹೂತೆ. ಹಟ್ಟಿಯ ಗೊಬ್ಬರ ಎರಡು ಹಿಡಿ. ದಿನಾ ಸಂಜೆ ಮೀನು ತೊಳೆದ ನೀರು. ಒಂದು ವಾರ ಎಲೆ ಪಳಪಳ ಹೊಳೆಯಿತು. ನಾನು ಎಲ್ಲರನ್ನೂ ಕರೆದು ತೋರಿಸಿದೆ. ಎರಡನೇ ವಾರ ಪಕ್ಕದ ಮನೆಯ ಬೆಕ್ಕು ಬಂದು ಚಟ್ಟಿ ಕೆದಕಿ ಎರಡು ಬೂತಾಯಿ ಒಯ್ದಿತು. ನಾನು ಇನ್ನೂ ನಾಲ್ಕು ಹೂತು ಮೇಲೆ ಕಲ್ಲು ಇಟ್ಟೆ. ಮೂರನೇ ವಾರ ಎಲೆಯ ಅಂಚು ಕಪ್ಪಾಯಿತು. ಬಾವಿಯ ನೀರು ಇನ್ನೂ ಜಾಸ್ತಿ ಹೊಯ್ದೆ. ಮೇ ತಿಂಗಳಲ್ಲಿ ನಮ್ಮ ಬಾವಿಯ ನೀರು ಉಪ್ಪು. ಸಮುದ್ರದ ಉಬ್ಬರದ ನೀರು ಹೊಳೆಗೆ ನುಗ್ಗಿ ಬಾವಿಗೂ ಹತ್ತುತ್ತದೆ. ತೆಂಗಿಗೆ ಅದು ಲೆಕ್ಕವೇ ಇಲ್ಲ. ಈ ಗಿಡಕ್ಕೆ ಆಗಲಿಕ್ಕಿಲ್ಲ ಎಂದು ನಾನು ಯೋಚನೆ ಮಾಡಲೇ ಇಲ್ಲ.

ಅಗೆದು ನೋಡಿದರೆ ಬೇರು ಕರಿ ನೂಲಿನ ಹಾಗೆ ಕಪ್ಪು. ಕೊಳೆತಿದೆ ಎಂದು ಅರ್ಧ ಕತ್ತರಿಸಿ ಬಿಸಾಡಿದೆ. ಆ ಗಿಡದ ಬೇರಿನ ಬಣ್ಣವೇ ಕಪ್ಪು ಎಂದು ಗೊತ್ತಾದದ್ದು ಮುಂದಿನ ವರ್ಷ. ಒಳ್ಳೆಯ ಬೇರನ್ನು ನಾನೇ ಕೊಯ್ದಿದ್ದೆ.

ಅಮ್ಮ ಮೀನು ಕೊಡಲು ಹೋದಾಗೆಲ್ಲ ಉಮ್ಮ ಕೇಳುತ್ತಿದ್ದರಂತೆ, ಚೆಂಬು ಬಂತಾ ಎಂದು. ಅಮ್ಮ ಮೊದಲು "ಬರ್ತಾ ಉಂಟು" ಎಂದರು. ಆಮೇಲೆ "ಸಣ್ಣ ಮೊಗ್ಗಿನ ಹಾಗೆ ಉಂಟು" ಎಂದರು. ಆಮೇಲೆ ಮೀನನ್ನು ಸೊಸೆಯ ಕೈಗೆ ಕೊಟ್ಟು, ಉಮ್ಮ ಹೊರಗೆ ಬರುವ ಮೊದಲು ಓಡಿ ಬರಲು ಶುರು ಮಾಡಿದರು.

"ನೀನೇ ಹೋಗಿ ಹೇಳು" ಎಂದರು ಒಂದು ದಿನ. "ನನ್ನಿಂದ ಇನ್ನು ಸುಳ್ಳು ಹೇಳ್ಲಿಕ್ಕೆ ಆಗುವುದಿಲ್ಲ. ಮೊನ್ನೆ ಮಂಗಳಾದೇವಿಗೆ ಕೈ ಮುಗೀಲಿಕ್ಕೆ ಹೋದ್ರೆ ಅಲ್ಲಿಯೂ ಅದೇ ಗಿಡದ ನೆನಪು."

ಜುಲೈ ತಿಂಗಳು, ಧೋ ಎಂದು ಮಳೆ. ಗಿಡದಲ್ಲಿ ಉಳಿದದ್ದು ಗೇಣು ಉದ್ದದ ಕಾಂಡ, ಒಂದೂವರೆ ಎಲೆ. ಗೋಣಿ ಕೊಪ್ಪೆ ಹಾಕಿ, ಚಟ್ಟಿ ಹೊತ್ತು ಹೋದೆ. ಉಮ್ಮ ಹಿಂದಿನ ಜಗಲಿಯಲ್ಲಿ ಕೂತಿದ್ದರು. ಚಟ್ಟಿ ಮುಂದೆ ಇಟ್ಟು, ಸುತ್ತು ಬಳಸದೆ ಹೇಳಿದೆ.

"ಉಮ್ಮ, ನಾನು ಹಾಳು ಮಾಡಿದೆ."

ಅವರು ಬಗ್ಗಿ ಚಟ್ಟಿ ನೋಡಿದರು. ಮೂಗು ಮುಚ್ಚಿಕೊಂಡರು.

"ಎಂತ ಹಾಕಿದ್ದಿ ಇದಕ್ಕೆ?"

"ಬೂತಾಯಿ."

"ಎಷ್ಟು?"

"ಹತ್ತು."

"ಹತ್ತು!" ಎಂದರು ಉಮ್ಮ. "ನಮ್ಮ ಮನೆಯಲ್ಲಿ ಆರು ಜನಕ್ಕೆ ಹತ್ತು ತರಿಸುವುದು. ಅಲ್ಲ ಮೋನೇ, ಅದು ನೊಣ ಹಿಡಿಯುವುದು ಹಸಿವಿಗೆ ಅಲ್ವಾ? ಹೊಟ್ಟೆ ತುಂಬಿದವ ಗಾಳ ಹಿಡ್ಕೊಂಡು ಯಾಕೆ ಕೂತ್ಕೊಳ್ತಾನೆ? ನೀನು ಬುಡದಲ್ಲೇ ಮದುವೆ ಊಟ ಹಾಕಿದ್ರೆ ಅದು ಚೆಂಬು ಯಾಕೆ ಮಾಡ್ತದೆ?"

ಮೀನು ಹಿಡಿಯುವವರ ಮನೆಯವನಿಗೆ ಇದನ್ನು ಮೆಣಸಿನ ವ್ಯಾಪಾರದ ಮನೆಯವರು ಹೇಳಿ ಕೊಡಬೇಕಾಯಿತು.

"ಅಲ್ಲಿ ಬೇಲಿಯ ಬುಡದಲ್ಲಿ ಎಂತ ಇತ್ತು ಉಮ್ಮ?"

ಅವರು ಕಣ್ಣು ಮುಚ್ಚಿ ನೆನಪು ಮಾಡಿದರು. "ಬಿಳಿ ಹೊಯ್ಗೆ, ಬರೀ ಮರಳು. ಪಕ್ಕದಲ್ಲಿ ಮಳೆ ನೀರಿನ ತೋಡು. ಹುಲ್ಲು ಕೂಡ ಸರಿ ಬರ್ತಿರ್ಲಿಲ್ಲ ಅಲ್ಲಿ. ಯಾರೂ ನೀರು ಹಾಕ್ತಿರ್ಲಿಲ್ಲ, ಗೊಬ್ಬರ ಹಾಕ್ತಿರ್ಲಿಲ್ಲ. ಮಳೆ ಬರ್ತಿತ್ತು, ಅಷ್ಟೇ."

"ಇದನ್ನು ಆವತ್ತೇ ಹೇಳಬಾರದಿತ್ತಾ?"

"ನೀನು ಕೇಳಿದ್ಯಾ? ಮೂರು ತಿಂಗಳು ಅಂತ ಹೇಳಿ ಚಟ್ಟಿ ಹೆಗಲಿಗೆ ಹಾಕ್ಕೊಂಡು ಹೋದಿ. ನಾನು ಹಿಂದಿನಿಂದ ಕರೆಯುವಾಗ ನೀನು ಬೀದಿ ದಾಟಿ ಆಗಿತ್ತು."

ಬಾಗಿಲ ಹಿಂದೆ ಸೊಸೆ ಇದ್ದರು. "ಹೋಯ್ತಲ್ಲ ಮಾಮಿ. ಇನ್ನು ಚೆಂಬೂ ಇಲ್ಲ, ಸಾಕ್ಷಿಯೂ ಇಲ್ಲ" ಎಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆ ಮನೆಯಲ್ಲಿ ಅದು ದಿನದ ತಮಾಷೆ. ಉಮ್ಮ ತಲೆಯ ಮೇಲಿನ ಬಟ್ಟೆ ಸರಿಮಾಡಿಕೊಂಡು ಎದ್ದು ಒಳಗೆ ಹೋದರು. ನನಗೆ ಬಯ್ಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಹಿಂದೆ ಬರುವ ದಾರಿಯಲ್ಲಿ ಉಗುರಿನಿಂದ ಕಾಂಡವನ್ನು ಕೆರೆದು ನೋಡಿದೆ. ಒಳಗೆ ಹಸಿರು ಇತ್ತು.

ಮಾರನೆಯ ದಿನವೇ ಕೆಲಸ ಶುರು. ಕಾರ್ಖಾನೆಯಲ್ಲಿ ಸುಡುವಾಗ ಸೀಳು ಬಿಟ್ಟ ಒಂದು ಅಗಲದ ಚಟ್ಟಿ ಕೇಳಿ ತಂದೆ. ಸೀಳು ಇದ್ದರೆ ಒಳ್ಳೆಯದೇ, ನೀರು ನಿಲ್ಲುವುದಿಲ್ಲ. ಹೊಳೆ ಬದಿಯಿಂದ ಹೊಯ್ಗೆ ತಂದು ಮಾಡಿನ ನೀರು ಬೀಳುವಲ್ಲಿ ಒಂದು ವಾರ ಬಿಟ್ಟೆ, ಉಪ್ಪು ತೊಳೆದು ಹೋಗಲಿ ಎಂದು. ದಿನಾ ಒಂದು ಚಿಟಿಕೆ ನಾಲಿಗೆಗೆ ಇಟ್ಟು ನೋಡುವುದು. ಅಣ್ಣ ನೋಡಿ, "ಅಮ್ಮಾ, ಇವನಿಗೆ ಊಟ ಕಮ್ಮಿ ಆಗ್ತಾ ಉಂಟು, ಹೊಯ್ಗೆ ತಿಂತಾನೆ" ಎಂದು ಕೂಗಿದ. ಹಳೆಯ ತೆಂಗಿನ ಸಿಪ್ಪೆಯನ್ನು ಬಡಿದು ನಾರು, ಹುಡಿ ತೆಗೆದು ಅದನ್ನೂ ತೊಳೆದೆ. ಅಡಿಗೆ ಹಂಚಿನ ಚೂರು, ನಾಲ್ಕು ತುಂಡು ಇದ್ದಿಲು, ಮೇಲೆ ಹೊಯ್ಗೆ ಮತ್ತು ನಾರಿನ ಹುಡಿ. ಅದರಲ್ಲಿ ಕಾಂಡವನ್ನು ಓರೆಯಾಗಿ ಮಲಗಿಸಿ ಎರಡು ಗಂಟು ಮುಚ್ಚಿದೆ. ಬೆಳಗಿನ ಬಿಸಿಲು ಬೀಳುವ ಬೇಲಿಯ ಬದಿಗೆ ಇಟ್ಟೆ. ಮತ್ತೆ ಎಂತದೂ ಮಾಡಲಿಲ್ಲ. ಎಂತದೂ ಮಾಡದೆ ಇರುವುದೇ ನನಗೆ ಕಷ್ಟದ ಕೆಲಸ.

ಮಳೆ ನಿಲ್ಲುವ ಮೊದಲು ನೀರಿನ ಏರ್ಪಾಟು ಮಾಡಿದೆ. ಮಾಡಿನ ನೀರಿನಲ್ಲಿ ಪಾಚಿ, ಕಾಗೆಯ ಹಿಕ್ಕೆ. ಅಂಗಳದಲ್ಲಿ ನಾಲ್ಕು ಕೋಲು ನೆಟ್ಟು ಹಳೆಯ ಪಂಚೆ ಕಟ್ಟಿ, ನಡುವೆ ಕಲ್ಲು ಇಟ್ಟು, ನೇರ ಆಕಾಶದ ನೀರನ್ನು ಮೂರು ಗುಡಾಣ ತುಂಬಿಸಿದೆ. ಸೊಳ್ಳೆ ಬಾರದ ಹಾಗೆ ಬಾಯಿಗೆ ಬಟ್ಟೆ ಕಟ್ಟಿದೆ. ಒಂದು ಗುಡಾಣ ಅಡುಗೆಮನೆಯಲ್ಲೇ ಇಡಬೇಕಾಯಿತು. ಅಮ್ಮನಿಗೆ ಕೂರಲು ಜಾಗ ಇಲ್ಲ.

ಸೆಪ್ಟೆಂಬರಿನಲ್ಲಿ ಗಂಟಿನಿಂದ ಒಂದು ಕೆಂಪು ಚಿಗುರು ಎದ್ದಿತು. ನಾನು ಉಮ್ಮನಿಗೆ ಹೇಳಿ ಕಳಿಸಲಿಲ್ಲ. ಒಂದು ಸಲ ಬಾಯಿ ಬಿಟ್ಟು ಆಗಿದೆಯಲ್ಲ.

ಮಾರ್ಚಿ ಬಂತು, ಬಾವಿ ಉಪ್ಪಾಯಿತು. ನಮ್ಮ ಬದಿಯ ಹೆಂಗಸರು ಕುಡಿಯುವ ನೀರಿಗೆ ಗುಡ್ಡೆಯ ಮೇಲಿನ ಮುರಕಲ್ಲಿನ ಬಾವಿಗೆ ಹೋಗಬೇಕು. ಅಮ್ಮ ಬೆಳಿಗ್ಗೆ ಮೀನು ಮಾರಿ ಬಂದು, ಕೊಡಪಾನ ಹಿಡಿದು ಗುಡ್ಡೆ ಹತ್ತುವುದು. ಮನೆಯೊಳಗೆ ಮೂರು ಗುಡಾಣ ಸಿಹಿ ನೀರು.

"ಹೆತ್ತ ತಾಯಿ ಗುಡ್ಡೆ ಹತ್ತಬೇಕು, ಒಂದು ಕಡ್ಡಿಗೆ ಮಳೆ ನೀರು!" ಎಂದರು ಅಮ್ಮ. ಕೋಪ ಬಂದು ಒಂದು ಗುಡಾಣವನ್ನು ಗಂಜಿಗೆ, ಕುಡಿಯಲಿಕ್ಕೆ ಅಂತ ಖಾಲಿ ಮಾಡಿಯೇ ಬಿಟ್ಟರು. ನಾನು ಕೂಗಾಡಿದೆ. ಅವರೂ ಕೂಗಾಡಿದರು. ಎರಡು ದಿನ ಮಾತಿಲ್ಲ.

ಮೂರನೇ ದಿನ ಅಮ್ಮ ಬಂದರಿನಿಂದ ಬಂದವರು ಖಾಲಿ ಬುಟ್ಟಿ ಇಟ್ಟು ಜಗಲಿಯಲ್ಲಿ ಕೂತರು.

"ಬ್ಯಾರ್ದಿ ಅಮ್ಮನ ಮನೆಯಲ್ಲಿ ಮೊನ್ನೆ ನೆಂಟರು ಬಂದಿದ್ರಂತೆ" ಎಂದರು. "ಊಟ ಆದ ಮೇಲೆ ಹೆಂಗಸರೆಲ್ಲ ಸೇರಿ, ಉಮ್ಮ, ಆ ಚೆಂಬಿನ ಗಿಡದ ಕತೆ ಹೇಳಿ ಅಂತ ಕೂರಿಸಿದ್ರಂತೆ. ಅವರು ಪಾಪ ಹೇಳಿದ್ರಂತೆ. ಎಲ್ಲರೂ ಬಿದ್ದು ಬಿದ್ದು ನಗಾಡಿದ್ರಂತೆ. ಅಲ್ಲಿಂದ ಮತ್ತೆ ಅವರು ಕೊಲಂಬಿನ ಮಾತೇ ಎತ್ತುವುದಿಲ್ಲ. ನಾನು ಇವತ್ತು ಕೇಳಿದೆ, ಅಮ್ಮ, ನಿಮ್ಮ ಊರಲ್ಲಿ ಅಂಜಲ್ ಮೀನು ಸಿಗ್ತದಾ ಅಂತ. ನನಗೆ ನೆನಪಿಲ್ಲ ಅಂತ ಹೇಳಿದ್ರು. ನೆನಪಿಲ್ಲವಂತೆ! ಮೊದಲಾದ್ರೆ ಅಂಜಲಿನ ವಿಷಯ ಅರ್ಧ ಗಂಟೆ ಮಾತಾಡ್ತಿದ್ರು."

ಅಮ್ಮ ಎದ್ದು ಕೊಡಪಾನ ಕೈಗೆ ತೆಗೆದುಕೊಂಡರು. ಆಮೇಲೆ, "ಆ ಗುಡ್ಡೆಯ ಬಾವಿಯ ನೀರು ಆಗ್ತದಾ ಅದಕ್ಕೆ?" ಎಂದು ಕೇಳಿದರು.

"ಉಪ್ಪಿಲ್ಲದಿದ್ರೆ ಆಗಬಹುದು."

"ಹಾಗಾದ್ರೆ ನಾನು ಇನ್ನೊಂದು ಕೊಡಪಾನ ತರ್ತೇನೆ."

ಬೇಡ, ಹೊರುವುದಾದರೆ ನಾನೇ ಹೊರುತ್ತೇನೆ ಎಂದೆ. ಕೇಳಲಿಲ್ಲ. ಎಪ್ರಿಲ್ ಕೊನೆಗೆ ಮಳೆ ನೀರು ಮುಗಿಯಿತು. ಅಲ್ಲಿಂದ ಮಳೆ ಬರುವವರೆಗೆ ಆ ಗಿಡ ಬದುಕಿದ್ದು ಅಮ್ಮ ಸೊಂಟದಲ್ಲಿ ಇಟ್ಟು ತಂದ ನೀರಿನಲ್ಲಿ. ಮಧ್ಯಾಹ್ನದ ಬಿಸಿಲಿಗೆ ಅಡ್ಡ ಒಂದು ತೆಂಗಿನ ಮಡಲು ಕಟ್ಟಿದೆ. ಎರಡು ಎಲೆ ಸುಟ್ಟಿತು. ಉಳಿದವು ತಡೆದುಕೊಂಡವು. ಗಿಡ ಗಟ್ಟಿಯದ್ದೇ. ಮಳೆಗೂ ಬಿಸಿಲಿಗೂ ಹೊರಗೇ ನಿಲ್ಲುತ್ತದೆ. ನಮ್ಮ ಉಪಚಾರ ಮಾತ್ರ ಅದಕ್ಕೆ ಆಗುವುದಿಲ್ಲ.

ಜೂನಿನ ಮಳೆ ಹಿಡಿದು ಹದಿನೈದು ದಿನಕ್ಕೆ, ಮೇಲಿನ ಎಲೆಯ ನೂಲಿನ ತುದಿ ಒಣಗದೆ ಕೆಳಗೆ ಬಾಗಿ, ಮತ್ತೆ ಮೇಲೆ ತಿರುಗಿತು. ಗೋಧಿ ಕಾಳಿನಷ್ಟು ಊದಿತು. ಮುಟ್ಟಬೇಡ ಎಂದು ಅಮ್ಮ ನನ್ನ ಕೈಗೆ ಹೊಡೆದರು. ದಿನಾ ಬೆಳಿಗ್ಗೆ ಕಾರ್ಖಾನೆಗೆ ಹೋಗುವ ಮೊದಲು ನಾನು, ಅಮ್ಮ, ದೋಣಿ ಎಳೆದು ಹಾಕಿ ಮನೆಯಲ್ಲೇ ಇದ್ದ ಅಪ್ಪ, ಅಣ್ಣ, ನಾಲ್ಕು ಜನ ಛತ್ರಿ ಹಿಡಿದು ಬೇಲಿಯ ಬದಿಗೆ ನಿಲ್ಲುವುದು. ಮುಚ್ಚಳ ಮುಚ್ಚಿಕೊಂಡೇ ಅದು ಬೆಳೆಯಿತು. ಒಂದು ಶನಿವಾರ ಬೆಳಿಗ್ಗೆ ನೋಡಿದರೆ ಮುಚ್ಚಳ ಎದ್ದಿತ್ತು. ಒಳಗೆ ನೀರು ಇತ್ತು. ಮಳೆಯ ನೀರಲ್ಲ, ಅದರದೇ ನೀರು, ಸ್ವಲ್ಪ ದಪ್ಪ.

ಕೆಲಸಕ್ಕೆ ಹೋಗುವ ದಾರಿ ಬಿಟ್ಟು ಬಂದರಿನ ಕಡೆಗೆ ನಡೆದೆ. ಒಂದು ಕೈಯಲ್ಲಿ ಚಟ್ಟಿ ಅವುಚಿಕೊಂಡು, ಇನ್ನೊಂದು ಕೈಯ ಬೆರಳನ್ನು ಹೂಜಿಯ ಅಡಿಗೆ ಕೊಟ್ಟು, ಹನಿ ಚೆಲ್ಲದ ಹಾಗೆ. ಅಮ್ಮ ಪಕ್ಕದಲ್ಲಿ ಛತ್ರಿ ಹಿಡಿದು. ಛತ್ರಿ ಗಿಡಕ್ಕೆ, ನಮಗಲ್ಲ.

ಉಮ್ಮ ಜಗಲಿಗೆ ಬಂದರು. ನೋಡಿದರು. ಕೆಳಗೆ ಕೂತು ಬೆರಳ ತುದಿಯಿಂದ ಮುಚ್ಚಳವನ್ನು ಮುಟ್ಟಿದರು, ಅಂಚನ್ನು ಮುಟ್ಟಿದರು. ಆಮೇಲೆ ಒಳಗೆ ತಿರುಗಿ, ಅಷ್ಟು ಗಟ್ಟಿ ಸ್ವರ ಅವರಿಗೆ ಉಂಟು ಎಂದು ನನಗೆ ಗೊತ್ತೇ ಇರಲಿಲ್ಲ, "ಎಲ್ಲರೂ ಬನ್ನಿ ಇಲ್ಲಿ!" ಎಂದು ಕರೆದರು.

ಮಗ ಬಂದರು. ಹೆಣ್ಣುಮಕ್ಕಳಿಬ್ಬರು ಬಂದರು. ನನ್ನ ಮುಂದೆ ಯಾವತ್ತೂ ಬಾಗಿಲು ದಾಟದ ಸೊಸೆಯೂ ತಲೆಯ ಬಟ್ಟೆ ಎಳೆದುಕೊಂಡು ಬಂದು ಬಗ್ಗಿದರು. ಹೂಜಿ ಇದ್ದದ್ದು ನನ್ನ ಹೆಬ್ಬೆರಳಿನಷ್ಟು.

"ಇದಾ ಚೆಂಬು?" ಎಂದರು ಸೊಸೆ. "ಮಾಮಿ, ಇದರಲ್ಲಿ ಇರುವೆಗೆ ಮುಖ ತೊಳೀಲಿಕ್ಕೂ ನೀರು ಸಾಕಾಗ್ಲಿಕ್ಕಿಲ್ಲ."

"ಅದನ್ನು ಮೊದಲು ಮುಟ್ಟಿದಾಗ ನಾನು ಐದು ವರ್ಷದವಳು" ಎಂದರು ಉಮ್ಮ. "ನನ್ನ ಕೈ ಎಷ್ಟು ದೊಡ್ಡದಿತ್ತು ಅಂತ ನಿನ್ನ ಎಣಿಕೆ?"

ಅಷ್ಟರಲ್ಲಿ ಜಗಲಿಯ ಕಂಬದಿಂದ ಒಂದು ಇರುವೆ ಎಲೆಗೆ ಬಂತು. ಎಲೆಯಿಂದ ನೂಲಿಗೆ, ನೂಲಿನಿಂದ ಅಂಚಿಗೆ. ಅಂಚಿನಲ್ಲಿ ನಿಂತು ಮೀಸೆ ಆಡಿಸಿತು. ಒಂದು ಹೆಜ್ಜೆ ಒಳಗೆ ಇಟ್ಟದ್ದೇ, ಕಾಲು ಜಾರಿ ಸೊಯ್ಯಂತ ಕೆಳಗೆ ಬಿತ್ತು. ಗೋಡೆ ಹತ್ತಲು ನೋಡಿತು, ಜಾರಿತು. ಮತ್ತೆ ಹತ್ತಿತು, ಮತ್ತೆ ಜಾರಿತು. ಆಮೇಲೆ ಹತ್ತಲಿಲ್ಲ.

ಮಗ ಗಂಟಲು ಸರಿ ಮಾಡಿಕೊಂಡು, ಅಂಗಡಿಗೆ ಹೊತ್ತಾಯಿತು ಎಂದು ಒಳಗೆ ಹೋದರು. ಸೊಸೆ ಹೋಗಲಿಲ್ಲ. ಅಲ್ಲೇ ನೆಲದ ಮೇಲೆ, ಅತ್ತೆಯ ಪಕ್ಕದಲ್ಲಿ ಕೂತರು.

"ಮಾಮಿ" ಎಂದರು, "ಅಲ್ಲಿ ನಿಮ್ಮ ಹಿತ್ತಿಲಲ್ಲಿ ಬೇರೆ ಎಂತೆಲ್ಲ ಇತ್ತು?"

ಉಮ್ಮ ಅವರನ್ನು ಓರೆಗಣ್ಣಿನಿಂದ ನೋಡಿದರು. "ನಗಾಡ್ಲಿಕ್ಕೆ ಕೇಳುವುದಾ, ತಿಳ್ಕೊಳ್ಳಿಕ್ಕೆ ಕೇಳುವುದಾ?"

"ಹೇಳಿ ಮಾಮಿ."

ಉಮ್ಮ ಕಾಲು ಚಾಚಿ, ಬೆನ್ನು ಕಂಬಕ್ಕೆ ಕೊಟ್ಟು ಸರಿಯಾಗಿ ಕೂತರು. ನನ್ನ ಅಮ್ಮನೂ ಛತ್ರಿ ಮಡಚಿ ಮೆಟ್ಟಿಲಲ್ಲಿ ಕೂತರು. ನನಗೆ ಹೊತ್ತಾಗಿತ್ತು. ಅವರು ಶುರು ಮಾಡುವಾಗ ನಾನು ಜೆಪ್ಪುವಿನ ಕಡೆಗೆ ಮಳೆಯಲ್ಲಿ ಓಡುತ್ತಿದ್ದೆ.